ಓದಲಿಕ್ಕೆ ಬಾರದ ಮಗಳನ್ನು ಶಾಲೆ ಬಿಡಿಸಬೇಕೆ?



ಈ ಹದಿನೈದು ದಿನಗಳ ಅಂಚೆಯಲ್ಲಿ ಬಂದ ಪತ್ರಗಳ ಪೈಕಿ ಎರಡನ್ನು ಬೇರೆ ತೆಗೆದಿಟ್ಟುಕೊಂಡಿದ್ದೇನೆ. ಒಂದು ದೇವದುರ್ಗದ ಕಡೆಯ ತಾಯಿಯೊಬ್ಬಳದು. ಇನ್ನೊಂದು ಮಾನ್ವಿ ತಾಲ್ಲೂಕಿನ ಸರ್ಕಾರಿ ಶಾಲೆಯ ಅಕ್ಕೋರೊಬ್ಬರದು. ಇಬ್ಬರಿಗೂ ಒಬ್ಬರ ಗುರುತು ಒಬ್ಬರಿಗಿಲ್ಲ. ಆದರೆ ಒಂದನ್ನು ಓದಿ ಮುಗಿಸಿ ಇನ್ನೊಂದನ್ನು ಬಿಚ್ಚಿದಾಗ, ತಾಯಿ ಕೇಳಿದ ಪ್ರಶ್ನೆಗೇ ಅಕ್ಕೋರು ಉತ್ತರ ಹುಡುಕುತ್ತಿದ್ದಾರೇನೋ ಅನಿಸಿತು. ಆದ್ದರಿಂದ ಈ ಸಲ ಉಳಿದ ಪತ್ರಗಳವರು ಕ್ಷಮಿಸಬೇಕು. ಈ ಎರಡಕ್ಕೇ ಪುಟ ಸಾಲುವುದಿಲ್ಲ.

ದೇವದುರ್ಗದ ಸೋದರಿಗೆ ಒಬ್ಬಳೇ ಮಗಳು. ಹನ್ನೊಂದು ವರ್ಷ, ಆರನೆಯ ತರಗತಿ. ನೋಟುಬುಕ್ಕು ತೆರೆದರೆ ಅಕ್ಷರ ಮುತ್ತು ಪೋಣಿಸಿದ ಹಾಗೆ ಇವೆಯಂತೆ. ಆದರೆ ತಾನೇ ಬರೆದ ಆ ಸಾಲನ್ನು ಓದು ಎಂದರೆ ಬೆರಳಿಟ್ಟುಕೊಂಡು ನಿಂತುಬಿಡುತ್ತಾಳೆ. ‘ಅಕ್ಕ’ ಎಂದಿದ್ದರೆ ‘ಅಕ’ ಅನ್ನುತ್ತಾಳೆ. ‘ಸೂರ್ಯ’ ಬಂದರೆ ಬಾಯಿಯನ್ನೇ ಮುಚ್ಚುತ್ತಾಳೆ. ಅದೇ ಹುಡುಗಿ ಸಂತೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಎಣ್ಣೆ ಎಲ್ಲದರ ಲೆಕ್ಕವನ್ನು ಬಾಯಲ್ಲೇ ಹೇಳಿ, ಅಂಗಡಿಯವ ಎರಡು ರೂಪಾಯಿ ಕಡಿಮೆ ಕೊಟ್ಟರೆ ಹಿಡಿದು ಕೇಳುತ್ತಾಳೆ. ಅತ್ತೆ ಹೇಳುತ್ತಾರಂತೆ: “ಓದು ತಲಿಗೆ ಹತ್ತವಲ್ದು. ಹತ್ತಿ ಬಿಡ್ಸಾಕರ ಬರ್ಲಿ.” ಗಂಡನದು ಬೇರೆಯೇ ರಾಗ: “ನನಗೂ ಹತ್ತಲಿಲ್ಲ, ನಮ್ಮ ವಂಶಕ್ಕ ಇಲ್ಲ ಬಿಡು.” ಹತ್ತಿ ಬಿಡಿಸುವ ಕಾಲ ಹತ್ತಿರ ಬಂತು. ಪತ್ರದ ಕೊನೆಯ ಸಾಲು ಇಷ್ಟೇ: “ಬಿಡಿಸಿಬಿಡ್ಲೇನ್ರಿ ಅಕ್ಕಾ?”

ಬೇಡ. ಮೊದಲು ಈ ಒಂದು ಮಾತನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಮಾತಾಡೋಣ. ಬಿಡಿಸಬೇಡಿ.

ಹೀಗೆ ಖಂಡಿತವಾಗಿ ಹೇಳುವುದಕ್ಕೆ ನನಗೊಂದು ಕಾರಣವಿದೆ. ಅದು ನನ್ನದೇ ತಪ್ಪು. 1986ರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿ, ತುಂಗಭದ್ರಾ ಎಡದಂಡೆ ಕಾಲುವೆ ಬದಿಯ ಒಂದು ಹಳ್ಳಿಯಲ್ಲಿ ಪಾಠ ಹೇಳುತ್ತಿದ್ದೆ. ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗ. ಕಾಲುವೆಗೆ ಯಾವತ್ತು ನೀರು ಬಿಟ್ಟರು, ಯಾರ ಗದ್ದೆಯಲ್ಲಿ ಎಷ್ಟು ಚೀಲ ಭತ್ತ ಆಯಿತು, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಕಥೆ ಹೇಳಿದರೆ ಮಾರನೆಯ ದಿನ ಒಂದು ಮಾತೂ ಬಿಡದೆ ಒಪ್ಪಿಸುತ್ತಿದ್ದ. ಕೈಗೆ ಪುಸ್ತಕ ಕೊಟ್ಟೊಡನೆ ಮಾತ್ರ ಮೂಕನಾಗುತ್ತಿದ್ದ. ಇಷ್ಟು ಬುದ್ಧಿ ಇದ್ದೂ ಓದುವುದಿಲ್ಲವೆಂದರೆ ಮೈಗಳ್ಳತನವಲ್ಲದೆ ಇನ್ನೇನು ಎಂದು ನಾನು ತಿಳಿದೆ. ಅಡ್ಡಪಟ್ಟಿಯಿಂದ ಬೆರಳ ಗಂಟಿನ ಮೇಲೆ ಹೊಡೆದೆ. ಹಿಂದಿನ ಸಾಲಿಗೆ ಕಳಿಸಿದೆ. ಉಳಿದ ಹುಡುಗರು ನಕ್ಕರೆ ಸುಮ್ಮನಿದ್ದೆ. ವರ್ಷ ಮುಗಿಯುವ ಮೊದಲೇ ಅವನು ಬರುವುದನ್ನು ಬಿಟ್ಟ. ನಿಜ ಹೇಳಬೇಕೆಂದರೆ, ಒಂದು ತಲೆನೋವು ಕಳೆಯಿತು ಅನಿಸಿತ್ತು ನನಗೆ.

ನಿವೃತ್ತಳಾದ ಮೇಲೆ ಒಂದು ದಿನ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ನಡುವಯಸ್ಸಿನವನೊಬ್ಬ ಬಂದು ಕಾಲು ಮುಟ್ಟಿದ. ಅವನೇ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಕೈಕೆಳಗೆ ಇಬ್ಬರು ಹುಡುಗರಿದ್ದಾರೆ. ಮಕ್ಕಳು ಮರಿ ಕುಶಲವೆಲ್ಲ ಕೇಳಿ ಆದ ಮೇಲೆ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ. “ಅಕ್ಕೋರೆ, ಬ್ಯಾಂಕಿನೋರು ಕಳ್ಸ್ಯಾರ. ಏನ್ ಬರ್ದಾರ ಒಂದೀಟು ಓದಿ ಹೇಳ್ರಿ.” ಅವನ ದನಿಯಲ್ಲಿ ಕಹಿ ಎಂಬುದು ಕಾಳಿನಷ್ಟೂ ಇರಲಿಲ್ಲ. ಓದಿ ಹೇಳಿದೆ. ಅಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು. ಇನ್ನೊಂದು ಬರುವವರೆಗೂ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದೆ.

ಆ ಹುಡುಗನಿಗೆ ಏನಾಗಿತ್ತು ಎಂಬುದು ಆಗ ನನಗೆ ಗೊತ್ತಿರಲಿಲ್ಲ, ಈಗ ಗೊತ್ತು. ಅದಕ್ಕೆ ಕಲಿಕಾ ನ್ಯೂನತೆ ಎನ್ನುತ್ತಾರೆ. ಓದುವುದರಲ್ಲಿ ತೊಡಕಾದರೆ ಡಿಸ್ಲೆಕ್ಸಿಯಾ. ಕೆಲವರಿಗೆ ಬರೆಯುವುದರಲ್ಲಿ, ಇನ್ನು ಕೆಲವರಿಗೆ ಲೆಕ್ಕದಲ್ಲಿ ತೊಡಕು. ಬುದ್ಧಿ ಕಡಿಮೆಯಾದ್ದರಿಂದ ಬರುವುದಲ್ಲ ಇದು. ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ತಿಳಿವಳಿಕೆಯೂ ಚೆನ್ನಾಗಿರುತ್ತದೆ. ಆದರೆ ಅಕ್ಷರದ ಆಕಾರಕ್ಕೂ ಅದರ ದನಿಗೂ ಮಿದುಳು ಹಾಕಬೇಕಾದ ಗಂಟು ಬೇಗ ಬೀಳುವುದಿಲ್ಲ. ಬಿದ್ದರೂ ಸಡಿಲ. ನಮಗೆ ‘ಮನೆ’ ಎಂಬುದು ಕಣ್ಣಿಗೆ ಬಿದ್ದೊಡನೆ ಮನೆಯೇ. ಇಂಥ ಮಗುವಿಗೆ ಪ್ರತಿ ಸಲವೂ ಮ, ನೆ, ಎಂದು ಹೊಸದಾಗಿ ಅಗೆದು ತೆಗೆಯಬೇಕು. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವಿದೆಯಲ್ಲ, ಅದರ ಮುಂದೆ ನಿಮ್ಮನ್ನು ನಿಲ್ಲಿಸಿ ‘ಓದಿ, ಬೇಗ, ಎಲ್ಲರೂ ಕಾಯುತ್ತಿದ್ದಾರೆ’ ಎಂದರೆ ಹೇಗಿರುತ್ತದೆ? ದಿನವೂ, ಐದಾರು ಗಂಟೆ ಹೊತ್ತು?

ಇದು ಹೊಸ ಕಾಯಿಲೆಯೂ ಅಲ್ಲ, ಪಟ್ಟಣದವರ ಶೋಕಿಯೂ ಅಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಹದಿನಾಲ್ಕು ವರ್ಷದ ಹುಡುಗನೊಬ್ಬನ ವಿಷಯ ಬರೆದಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಜಾಣ ಎಂದು ಆ ಹುಡುಗನ ಮೇಷ್ಟರು ಹೇಳಿದ್ದರಂತೆ. ದೇವದುರ್ಗದ ಸಂತೆಯಲ್ಲಿ ಲೆಕ್ಕ ಹೇಳುವ ಹುಡುಗಿಗೆ ಆ ಮಾತು ಹೇಗೆ ಹೊಂದುತ್ತದೆ ನೋಡಿ! ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ 5ರಿಂದ 15 ಮಕ್ಕಳಿಗೆ ಇಂಥ ಒಂದಲ್ಲ ಒಂದು ತೊಡಕು ಇರುತ್ತದೆ ಎಂಬುದು ತಜ್ಞರ ಅಂದಾಜು. ಯಾವ ದೇಶ, ಯಾವ ಭಾಷೆ ಎಂಬ ಭೇದವಿಲ್ಲ. ಮನೆತನದಲ್ಲಿ ಹರಿದು ಬರುವುದೂ ಉಂಟು. ‘ನನಗೂ ಹತ್ತಲಿಲ್ಲ’ ಎಂದ ಆ ತಂದೆ ತನಗೆ ತಿಳಿಯದೆಯೇ ನಿಜವನ್ನು ಹೇಳಿದ್ದಾರೆ. ಪಾಪ, ಅವರನ್ನೂ ಯಾರೋ ಹಿಂದಿನ ಸಾಲಿಗೆ ಕಳಿಸಿರಬೇಕು.

2007ರಲ್ಲಿ ಬಂದ ‘ತಾರೇ ಜಮೀನ್ ಪರ್’ ಸಿನಿಮಾ ನೋಡಿದವರು ‘ಅಕ್ಷರ ಕುಣಿಯುತ್ತವಂತೆ ಅಲ್ಲವೇ’ ಎಂದು ಕೇಳುತ್ತಾರೆ. ಸಿನಿಮಾ ಒಳ್ಳೆಯದೇ, ಅದರಿಂದ ಎಷ್ಟೋ ತಾಯಂದಿರ ಕಣ್ಣು ತೆರೆಯಿತು. ಆದರೆ ಕುಣಿಯುವ ಅಕ್ಷರವನ್ನೇ ಹುಡುಕುತ್ತ ಕೂತರೆ ನಿಮ್ಮ ಮಗುವಿನದು ತಪ್ಪಿಹೋದೀತು. ಕನ್ನಡದಲ್ಲಿ ಈ ತೊಡಕು ಕಾಣಿಸಿಕೊಳ್ಳುವ ಬಗೆಯೇ ಬೇರೆ. ಇಂಗ್ಲಿಷಿನಲ್ಲಿ 26 ಅಕ್ಷರ, ಆದರೆ ಸ್ಪೆಲಿಂಗಿಗೂ ಉಚ್ಚಾರಕ್ಕೂ ತಾಳಮೇಳವಿಲ್ಲ. ನಮ್ಮದು ಬರೆದಂತೆ ಓದುವ ಭಾಷೆ, ಅದೊಂದು ಪುಣ್ಯ. ಆದರೆ ವರ್ಣಮಾಲೆಯ 49 ಕಲಿತರೆ ಮುಗಿಯಲಿಲ್ಲ. 34 ವ್ಯಂಜನಗಳ ಕಾಗುಣಿತ ಬರೆದರೆ ನಾನ್ನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರ. ಚಾಚು ಮಕ್ಕಳ ಕಣ್ಣಿಗೆ ಕಡ್ಡಿಯಷ್ಟು. ‘ಸೂರ್ಯ’ದಲ್ಲಿ ‘ರ್’ ದನಿ ಮೊದಲು ಬರುತ್ತದೆ, ಅದರ ಗುರುತು ಮಾತ್ರ ಕೊನೆಯಲ್ಲಿ ಕೂತಿರುತ್ತದೆ! ದೊಡ್ಡವರಾದ ನಾವು ಇದನ್ನು ಗಮನಿಸುವುದೇ ಇಲ್ಲ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಅಕ್ಷರಗಳನ್ನು ಕಲಿಯುವ ಕೆಲಸ ಮೊದಲ ವರ್ಷದಲ್ಲಿ ಮುಗಿಯುವುದಿಲ್ಲ, ಸಾಮಾನ್ಯ ಮಕ್ಕಳಿಗೂ ಮೂರು ನಾಲ್ಕನೆಯ ತರಗತಿಯವರೆಗೆ ಸಾಗುತ್ತದೆ ಎಂದು ತೋರಿಸಿದ್ದಾರೆ. ಹಾಗಿರುವಾಗ ಎರಡನೆಯ ತರಗತಿಯ ಕೂಸು ಒತ್ತಕ್ಷರ ತಪ್ಪಿದರೆ ಗಾಬರಿ ಬೇಡ. ಆರನೆಯದರಲ್ಲೂ ‘ಅಕ್ಕ’ ಬಾರದಿದ್ದರೆ ಮಾತ್ರ ಸುಮ್ಮನಿರಬಾರದು.

ಈಗ ಮಾನ್ವಿಯ ಅಕ್ಕೋರ ಪತ್ರ. ಐದನೆಯ ತರಗತಿ, 42 ಮಕ್ಕಳು. ಅವರಲ್ಲಿ ಆರು ಮಕ್ಕಳಿಗೆ ಓದು ಬರುವುದಿಲ್ಲ. “ಇವರೆಲ್ಲರಿಗೂ ಕಲಿಕಾ ನ್ಯೂನತೆ ಅಂತ ಬರೆದು ಕಳಿಸಲೇ? ಸಮನ್ವಯ ಶಿಕ್ಷಣದ ಟ್ರೈನಿಂಗಿಗೆ ಹೋಗಿದ್ದೆ. ಎಲ್ಲರನ್ನೂ ಒಟ್ಟಿಗೆ ಕಲಿಸಿ ಅಂದರು. ಹೇಗೆ ಅನ್ನುವಷ್ಟರಲ್ಲಿ ಚಹಾ ಬಂತು” ಎಂದು ಬರೆದಿದ್ದಾರೆ. ಓದಿ ನಗು ಬಂತು. ನಾನೂ ಅಂಥ ಚಹಾ ಬಹಳ ಕುಡಿದವಳೇ.

ಅಕ್ಕೋರೆ, ಆ ಆರು ಮಕ್ಕಳನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ನೀವೇ ಬರೆದಿರುವಂತೆ ಇಬ್ಬರು ತಾಂಡಾದ ಮಕ್ಕಳು, ವರ್ಷದಲ್ಲಿ ಐದಾರು ತಿಂಗಳು ಅಪ್ಪ ಅವ್ವನ ಸಂಗಡ ಬೆಂಗಳೂರಿಗೆ ಗುಳೆ ಹೋಗಿಬರುತ್ತಾರೆ. ಅವರಿಗೆ ಓದು ಬಾರದ್ದು ನ್ಯೂನತೆಯಲ್ಲ, ಕಲಿಯಲಿಕ್ಕೆ ದಿನಗಳೇ ಸಿಕ್ಕಿಲ್ಲ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಎಂಬ ಇನ್ನೊಂದು ಹೊರೆ ಬೇರೆ. ನಮ್ಮ ಜಿಲ್ಲೆಯಲ್ಲಿ ಮನೆಯ ಮಾತು ತೆಲುಗು, ಉರ್ದು ಇರುವ ಮಕ್ಕಳೂ ಬೇಕಾದಷ್ಟು. ಭಾಷೆ ಹೊಸದು ಎಂಬುದನ್ನು ದಡ್ಡತನ ಎಂದು ತಿಳಿದ ಪಾಪ ನಮ್ಮ ಶಾಲೆಗಳಿಗಿದೆ. ಮೂರನೆಯ ಮಗು ಬೋರ್ಡು ನೋಡಲು ಕಣ್ಣು ಕಿರಿದು ಮಾಡುತ್ತದೆ ಎಂದಿರಿ. ಕನ್ನಡಕ ಬೇಕಾದೀತು. ನಾಲ್ಕನೆಯವನು ಕರೆದರೆ ಎರಡು ಸಲಕ್ಕೆ ತಿರುಗುತ್ತಾನೆ, ಕಿವಿ ಸೋರುತ್ತಿರಬಹುದು. ಇವೆಲ್ಲ ಕಳೆದ ಮೇಲೆ ಉಳಿಯುವ ಇಬ್ಬರು, ದಿನವೂ ಬರುತ್ತಾರೆ, ಹೇಳಿದ್ದು ತಿಳಿಯುತ್ತದೆ, ಬಾಯಲ್ಲಿ ಉತ್ತರ ಕೊಡುತ್ತಾರೆ, ತಿಂಗಳುಗಟ್ಟಲೆ ಕೂರಿಸಿ ಕಲಿಸಿದರೂ ಓದು ಮುಂದೆ ಸಾಗುವುದಿಲ್ಲ. ಅನುಮಾನ ಪಡಬೇಕಾದದ್ದು ಅವರ ವಿಷಯದಲ್ಲಿ. ಹಾಗಂತ ಉಳಿದ ನಾಲ್ವರನ್ನು ಬಿಟ್ಟುಬಿಡಿ ಎಂದಲ್ಲ. ಮುಂದೆ ಹೇಳುವ ಉಪಾಯಗಳು ಅವರಿಗೂ ಆಗುತ್ತವೆ. ಸಮನ್ವಯದ ಗುಟ್ಟೇ ಅದು.

ಆ ಉಪಾಯ ನಿಮ್ಮ ಶಾಲೆಯಲ್ಲೇ ಪಕ್ಕದ ಕೋಣೆಯಲ್ಲಿದೆ. ನಲಿ-ಕಲಿ! 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ. ಅ ಆ ಇ ಈ ಬಿಟ್ಟು ‘ರ ಗ ಸ ದ ಅ’ ಎಂದು ಮಕ್ಕಳು ಹೇಳುವುದನ್ನು ಕೇಳಿ ಅಜ್ಜಿಯಂದಿರು ‘ಇದೆಂಥ ಓದು’ ಎಂದು ಮೂಗು ಮುರಿದದ್ದು ನಿಮಗೂ ನೆನಪಿರಬೇಕು. ಬರೆಯಲು ಸುಲಭವಾದ, ಕೂಡಲೇ ‘ಸರ’, ‘ಗರಗಸ’, ‘ದರ’ ಎಂದು ಪದ ಕಟ್ಟಲು ಬರುವ ಅಕ್ಷರಗಳು ಅವು. ಅಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಟೀಚರ ಪೂರ್ಣ ಸಹಾಯ, ಇನ್ನೊಂದಕ್ಕೆ ಅರ್ಧ, ಮತ್ತೆರಡಕ್ಕೆ ಗೆಳೆಯರ ನೆರವು, ಕೊನೆಯದು ತಾನೇ ಕಲಿಯುವುದು. ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತಾನು ಹತ್ತುತ್ತದೆ. ಒಬ್ಬ ಮುಂದೆ ಹೋದನೆಂದು ಇನ್ನೊಬ್ಬನನ್ನು ಎಳೆಯುವುದಿಲ್ಲ. ಆದರೆ ನಾಲ್ಕನೆಯದಕ್ಕೆ ಬಂದೊಡನೆ ಏನು ಮಾಡುತ್ತೇವೆ? ತಟ್ಟೆ ಎತ್ತಿಬಿಡುತ್ತೇವೆ, ಎಲ್ಲರನ್ನೂ ಸಾಲಾಗಿ ಕೂರಿಸಿ ಎಲ್ಲರ ಕೈಗೂ ಒಂದೇ ಪುಸ್ತಕ ಕೊಟ್ಟು ‘ಪುಟ 12 ತೆಗೀರಿ’ ಎನ್ನುತ್ತೇವೆ. ಮೂರನೆಯವರೆಗೆ ನಿಧಾನವಾಗಿ ಹತ್ತುತ್ತಿದ್ದ ಮಗು ಅಲ್ಲಿ ಜಾರುತ್ತದೆ, ಜಾರಿದ್ದು ಕಾಣದಿರಲೆಂದು ಬೋರ್ಡಿನ ಮೇಲಿರುವುದನ್ನು ಚಿತ್ರ ಬಿಡಿಸಿದಂತೆ ನಕಲು ಮಾಡಲು ಕಲಿಯುತ್ತದೆ. ದೇವದುರ್ಗದ ಹುಡುಗಿಯ ಮುತ್ತಿನಂಥ ಅಕ್ಷರದ ಕಥೆ ಇದೇ ಎಂದು ನನ್ನ ಅನುಮಾನ.

ವಾರದಲ್ಲಿ ಮೂರು ದಿನ, ಕನ್ನಡದ ಅವಧಿಯಲ್ಲಿ ಅರ್ಧ ಗಂಟೆ, ಐದನೆಯ ತರಗತಿಯಲ್ಲೂ ಅದೇ ರೀತಿ ಗುಂಪು ಮಾಡಿ ನೋಡಿ. ಅಂದಿನ ಪಾಠವನ್ನು ಮೊದಲು ನೀವೇ ಗಟ್ಟಿಯಾಗಿ ಓದಿಬಿಡಿ. ಓದಲು ಬಾರದವನೂ ಅರ್ಥದಲ್ಲಿ ಎಲ್ಲರ ಸಮಕ್ಕೆ ನಿಲ್ಲುತ್ತಾನೆ, ಚರ್ಚೆಯಲ್ಲಿ ಕೈ ಎತ್ತುತ್ತಾನೆ. ಆಮೇಲೆ ಓದುವ ಕೆಲಸ ಗುಂಪಿಗೆ ತಕ್ಕಂತೆ: ಒಬ್ಬರಿಗೆ ಇಡೀ ಪಾಠ, ಒಬ್ಬರಿಗೆ ನಾಲ್ಕು ಸಾಲು, ಆ ಇಬ್ಬರಿಗೆ ಅದೇ ಪಾಠದ ಐದು ಪದ. ಪಾಠ ಮಾತ್ರ ಒಂದೇ ಇರಲಿ, ಬೇರೆ ಪುಸ್ತಕ ಕೊಟ್ಟು ಮೂಲೆಗೆ ಕೂರಿಸಿದರೆ ಅದು ನನ್ನ ಹಿಂದಿನ ಸಾಲೇ ಆಯಿತು. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣ ಬಳಸಿ. ಮೂಲ ಅಕ್ಷರ ಬಿಳಿ, ಗುಣಿತದ ಗುರುತು ಕೆಂಪು, ಒತ್ತು ಹಳದಿ. ಹೀಗೆ ಒಡೆದು ತೋರಿಸಿದಾಗ ‘ಕ್ಕಿ’ ಎಂಬ ಕಗ್ಗಂಟು ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಸಮಾಧಾನದ ಸ್ವಭಾವದ ಒಬ್ಬ ಜೊತೆಗಾರನನ್ನು ಕೂರಿಸಿ. ಇಬ್ಬರೂ ಒಟ್ಟಿಗೆ ಬೆರಳಿಟ್ಟು ಓದಲಿ. ಜೊತೆಗಾರ ತೀರ ಜಾಣನಾಗಿರಬಾರದು, ಜಾಣರಿಗೆ ತಾಳ್ಮೆ ಕಡಿಮೆ!

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಮುನ್ಸೂಚನೆ ಕೊಡದೆ ಎಬ್ಬಿಸಿ ನಿಲ್ಲಿಸಿ ಓದಿಸಬೇಡಿ. ‘ನಾಳೆ ಈ ಎರಡು ಸಾಲು ನಿನ್ನದು’ ಎಂದು ಹಿಂದಿನ ದಿನವೇ ಗುಟ್ಟಾಗಿ ಹೇಳಿ ಕಳಿಸಿ, ಮನೆಯಲ್ಲಿ ಹತ್ತು ಸಲ ಓದಿಕೊಂಡು ಬರಲಿ. ಉತ್ತರವನ್ನು ಬಾಯಲ್ಲಿ ಹೇಳಿದರೆ ಅಂಕ ಕೊಡಿ. ವಿಜ್ಞಾನದ ಉತ್ತರದಲ್ಲಿ ಮಹಾಪ್ರಾಣ ತಪ್ಪಿದರೆ ವಿಜ್ಞಾನ ತಪ್ಪಿದಂತಲ್ಲ, ಪುಟವೆಲ್ಲ ಕೆಂಪು ಮಸಿ ಮಾಡಬೇಡಿ. ಲೆಕ್ಕದ ತೊಡಕಿರುವ ಮಗುವಿಗೆ ಹತ್ತತ್ತು ಕಡ್ಡಿಗಳ ಕಟ್ಟು ಕಟ್ಟಿಸಿ, ದಶಕ ಬಿಡಿ ಎಂಬುದು ಕೈಗೆ ತಿಳಿಯಲಿ. ಇಷ್ಟಕ್ಕೆ ಸರ್ಕಾರದ ಅನುದಾನ ಬೇಕಿಲ್ಲ.

ಆದರೆ ಎಲ್ಲ ಹೊರೆಯನ್ನೂ ನೀವೊಬ್ಬರೇ ಹೊರಬೇಕೆಂದಿಲ್ಲ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇದಕ್ಕೆಂದೇ ತರಬೇತಾದ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. ‘ಬಿ.ಐ.ಇ.ಆರ್.ಟಿ.’ ಎಂದು ಕರೆಯುತ್ತಾರೆ. ಮಾನ್ವಿಗೂ, ದೇವದುರ್ಗಕ್ಕೂ, ರಾಯಚೂರಿಗೂ ಬೇರೆ ಬೇರೆ ಕ್ಷೇತ್ರಗಳಿವೆ. ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ಬರೆಸಿ ಅವರನ್ನು ಶಾಲೆಗೆ ಕರೆಸಿಕೊಳ್ಳಿ. ಅವರಿಗೂ ಹಳ್ಳಿಗಳು ಬಹಳ, ಒಂದು ಪತ್ರಕ್ಕೆ ಬರದಿದ್ದರೆ ಎರಡು ಬರೆಯಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಹಲ್ಲು, ಉಗುರು ನೋಡಿಸಿ ಕಳಿಸಿಬಿಡಬೇಡಿ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಕಲಿಕೆಯ ತೊಡಕೂ ಇದೆ.

ದೇವದುರ್ಗದ ಸೋದರಿ, ಈಗ ನಿಮ್ಮ ಕಡೆ ಬರುತ್ತೇನೆ. ಇವತ್ತು ರಾತ್ರಿ ಊಟವಾದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದೇ ಪತ್ರಿಕೆಯ ಒಂದು ಕಥೆಯನ್ನು ನೀವು ಓದಿ ಹೇಳಿ. ಆಮೇಲೆ ಅವಳಿಂದ ಹೇಳಿಸಿ. ಕೇಳಿದ್ದನ್ನು ಸರಾಗವಾಗಿ ಹೇಳಿ, ಅದರಲ್ಲಿ ನಾಲ್ಕನೆಯ ಒಂದು ಪಾಲನ್ನೂ ತಾನೇ ಓದಲಾರಳು ಎಂದಾದರೆ ನಿಮಗೆ ಅರ್ಧ ಉತ್ತರ ಸಿಕ್ಕಿತು. ಆಸ್ಪತ್ರೆಯಲ್ಲಿ ಕಣ್ಣು, ಕಿವಿ ಒಮ್ಮೆ ನೋಡಿಸಿ. ಆಮೇಲೆ ಆ ಚೆಂದದ ನೋಟುಬುಕ್ಕನ್ನು ಕೈಯಲ್ಲಿ ಹಿಡಿದು ಶಾಲೆಗೆ ಹೋಗಿ. ದೂರು ಹೇಳುವ ದನಿ ಬೇಡ. “ಸರ, ನೋಡಿ ಬರೀತಾಳ, ಆದ್ರ ಓದಾಕ ಬರವಲ್ದು. ಬಾಯಿಲೆ ಕೇಳಿದ್ರ ಎಲ್ಲಾ ಹೇಳ್ತಾಳ” ಎಂದಷ್ಟೇ ಹೇಳಿ, ಅವರೆದುರಿಗೇ ಓದಿಸಿ ತೋರಿಸಿ. ಸಾಧ್ಯವಾದರೆ ಯಜಮಾನರನ್ನೂ ಕರೆದುಕೊಂಡು ಹೋಗಿ. ಮಗಳ ತೊಡಕು ಅವರಿಗಿಂತ ಚೆನ್ನಾಗಿ ಅರ್ಥವಾಗುವವರು ಆ ಮನೆಯಲ್ಲಿ ಇನ್ನಾರೂ ಇಲ್ಲ.

‘ನಮ್ಮ ಕೈಲಾಗುವುದಿಲ್ಲ, ಬೇರೆ ಶಾಲೆಗೆ ಹಾಕಿ’ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು, ಇದು ಸೇರಿರಲಿಲ್ಲ. 2016ರ ಹೊಸ ಕಾಯ್ದೆ 21 ಬಗೆಗಳನ್ನು ಹೆಸರಿಸಿತು, ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ತೊಡಕನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕಂತೆ ಕಲಿಸುವಂತಾಗಬೇಕು ಎಂದು ಆ ಕಾಯ್ದೆಯಲ್ಲೇ ಬರೆದಿದೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಒಂದು ಅರ್ಜಿ ಬರೆದುಕೊಟ್ಟು, ಅದರ ಪ್ರತಿಯ ಮೇಲೆ ಸಹಿ ಹಾಕಿಸಿ ಇಟ್ಟುಕೊಳ್ಳಿ.

ಸರ್ಟಿಫಿಕೇಟಿನ ವಿಷಯ. ಕಲಿಕಾ ನ್ಯೂನತೆಗೆ ಪ್ರಮಾಣಪತ್ರ ಕೊಡುವುದು ಎಂಟು ವರ್ಷ ತುಂಬಿದ ಮೇಲೆ. ಮಕ್ಕಳ ವೈದ್ಯರೂ ಮನಶ್ಶಾಸ್ತ್ರಜ್ಞರೂ ಪರೀಕ್ಷೆ ಮಾಡಬೇಕು. ಮೊದಲು ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ, ಬಹಳ ದೂರ ಓಡುವ ಮೊದಲು ಇದ್ದೂರಲ್ಲಿ ಕೇಳುವುದು ಲೇಸು. ಅಲ್ಲಿಂದ ಮುಂದಕ್ಕೆ ಕಳಿಸಿದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಿಮ್ಮ ಮಗಳಿಗೆ ಹನ್ನೊಂದು, ಈಗ ಕೇಳಿದರೆ ಹತ್ತನೆಯ ತರಗತಿಯ ಹೊತ್ತಿಗೆ ಎಲ್ಲ ಕೈಯಲ್ಲಿರುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಹೇಳಿದ್ದನ್ನು ಬರೆದುಕೊಡುವವರ ನೆರವು ಮೊದಲಾದ ಅನುಕೂಲಗಳಿವೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಹೆಚ್ಚು ಸಮಯ ಹೇಳಿದೆ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ. ಪರೀಕ್ಷೆಯ ಹಿಂದಿನ ವಾರ ಓಡಿದರೆ ಸಿಗುವುದಿಲ್ಲ, ಶಾಲೆಯ ಮೂಲಕ ಮೊದಲೇ ಅರ್ಜಿ ಹೋಗಬೇಕು. ಆದರೆ ಸರ್ಟಿಫಿಕೇಟು ಬಂದ ಮೇಲೆ ಕಲಿಸೋಣ ಎಂದು ಕಾಯಬೇಡಿ. ಮೇಲೆ ಅಕ್ಕೋರಿಗೆ ಹೇಳಿದ ಯಾವುದಕ್ಕೂ ಸರ್ಟಿಫಿಕೇಟು ಬೇಕಿಲ್ಲ.

ಮನೆಯಲ್ಲಿ ದಿನಕ್ಕೆ ಕಾಲು ಗಂಟೆ ಸಾಕು. ಬೆಳಗಿನ ಹೊತ್ತು ನೀವು ರೊಟ್ಟಿ ಬಡಿಯುವಾಗ ಅವಳನ್ನು ಎದುರಿಗೆ ಕೂರಿಸಿಕೊಳ್ಳಿ. ಪರಾತದಲ್ಲಿ ಒಂದು ಹಿಡಿ ರವೆ ಹರಡಿಕೊಡಿ. ಬೆರಳಿನಿಂದ ದೊಡ್ಡದಾಗಿ ‘ಕ’ ಬರೆಯಲಿ, ಬರೆಯುತ್ತಲೇ ಬಾಯಲ್ಲಿ ‘ಕ’ ಎನ್ನಲಿ. ಕಣ್ಣು, ಕೈ, ಕಿವಿ ಮೂರೂ ಒಟ್ಟಿಗೆ ಕೆಲಸ ಮಾಡಿದರೆ ಗಂಟು ಬಿಗಿಯಾಗುತ್ತದೆ. ಕೆಳಗೆ ಒತ್ತು ಬರೆದು ‘ಕ್ಕ’. ನಡುವೆ ಒಂದು ಆಟ: ‘ಅಕ್ಕ’ ಎನ್ನುವಾಗ ಒತ್ತು ಬಂದಲ್ಲಿ ಒಂದು ಚಪ್ಪಾಳೆ, ‘ಅಕ್ಕಿ’ಗೆ ಒಂದು, ‘ಕಡಲೆ’ಗೆ ಚಪ್ಪಾಳೆಯಿಲ್ಲ. ಕಿವಿಗೆ ಒತ್ತು ಕೇಳಿಸದ ಮಗುವಿಗೆ ಕಣ್ಣಿಗೂ ಅದು ಕಾಣುವುದಿಲ್ಲ. ಒಂದು ವಾರ ಒಂದೇ ಒತ್ತು, ಹೆಚ್ಚಿಗೆ ಬೇಡ. ಅಡುಗೆಮನೆಯ ಡಬ್ಬಿಗಳ ಮೇಲೆ ಅವಳ ಕೈಯಿಂದಲೇ ಚೀಟಿ ಬರೆಸಿ ಅಂಟಿಸಿ: ಅಕ್ಕಿ, ಸಕ್ಕರೆ, ಬೆಲ್ಲ, ಎಣ್ಣೆ, ಉಪ್ಪು. ನಮ್ಮ ಅಡುಗೆಮನೆಯೇ ಒತ್ತಕ್ಷರದ ಪುಸ್ತಕ. ಸಂತೆಗೆ ಹೋಗುವಾಗ ನಾಲ್ಕು ಪದಗಳ ಚೀಟಿ ಅವಳ ಕೈಯಲ್ಲಿರಲಿ. ಕಾಲು ಗಂಟೆ ಆದೊಡನೆ ನಿಲ್ಲಿಸಿಬಿಡಿ, ಅವಳು ಅಳುವವರೆಗೆ ಎಳೆಯಬೇಡಿ.

ನೆನಪಿನ ಶಕ್ತಿಯ ಟಾನಿಕ್ಕು, ತಲೆಗೆ ಹಚ್ಚುವ ಎಣ್ಣೆ, ತಾಯಿತ, ಯಾವುದಕ್ಕೂ ದುಡ್ಡು ಹಾಕಬೇಡಿ. ಇದಕ್ಕೆ ಔಷಧವಿಲ್ಲ. ‘ದೊಡ್ಡವಳಾದ ಮೇಲೆ ತಾನಾಗಿ ಹೋಗುತ್ತದೆಯೇ’ ಎಂದು ಕೇಳಿದ್ದೀರಿ. ತಾನಾಗಿ ಹೋಗುವುದಿಲ್ಲ. ಸರಿಯಾಗಿ ಕಲಿಸಿದರೆ ಓದು ಬರುತ್ತದೆ, ಬೇರೆಯವರಿಗಿಂತ ನಿಧಾನವಾಗಿ ಬರುತ್ತದೆ, ಬಂದ ಮೇಲೂ ಸ್ವಲ್ಪ ನಿಧಾನವೇ ಇರುತ್ತದೆ. ಅದನ್ನು ಮುಚ್ಚಿಟ್ಟು ಸುಳ್ಳು ಭರವಸೆ ಕೊಡಲಾರೆ. ಅತ್ತೆಯವರಿಗೆ ಎದುರು ಮಾತಾಡಲು ನಿಮಗೆ ಕಷ್ಟ ಎಂದು ಬರೆದಿದ್ದೀರಿ, ಗೊತ್ತು. ಅವರ ಮುಂದೆ ವಾದ ಮಾಡುವುದಕ್ಕಿಂತ, ಸಂಜೆ ಮೊಮ್ಮಗಳಿಂದ ಅವರಿಗೆ ಒಂದು ಕಥೆ ಹೇಳಿಸಿ. ಶಾಲೆಯಲ್ಲಿ ಕೇಳಿದ್ದು, ಅವಳದೇ ಬಾಯಿಂದ. ಹತ್ತವಲ್ದು ಎಂದವರು ತಾವೇ ನೋಡಲಿ. ಹತ್ತಿಯ ಕೆಲಸಕ್ಕೆ ಭಾನುವಾರ ಬೇಕಾದರೆ ಅಜ್ಜಿಯ ಸಂಗಡ ಒಂದಿಷ್ಟು ಹೊತ್ತು ಹೊಲಕ್ಕೆ ಹೋಗಿಬರಲಿ, ನಮ್ಮ ಕಡೆಯ ಮನೆಗಳ ಕಷ್ಟ ನನಗೆ ತಿಳಿಯದ್ದಲ್ಲ. ಸೋಮವಾರ ಮಾತ್ರ ಅವಳು ಶಾಲೆಯಲ್ಲಿರಬೇಕು.

ಮುಖ್ಯೋಪಾಧ್ಯಾಯರು ಏನೆಂದರು ಎಂಬುದನ್ನು ಮರೆಯದೆ ನನಗೆ ಬರೆಯಿರಿ. ಹೆಸರು, ಊರು ಬೇಡ, ನಿಮ್ಮ ಕೈಬರಹ ನನಗೆ ಗುರುತಿದೆ. ಪತ್ರದ ಕೆಳಗೆ ಒಂದು ಸಾಲನ್ನು ನಿಮ್ಮ ಮಗಳಿಂದ ಬರೆಸಿ. ಪುಸ್ತಕ ನೋಡಿ ಬರೆದದ್ದಲ್ಲ, ಅವಳಿಗೆ ಅನಿಸಿದ್ದು. ತಪ್ಪಿದ್ದರೆ ತಿದ್ದಬೇಡಿ, ಹಾಗೆಯೇ ಕಳಿಸಿ. ಓದಿಕೊಳ್ಳುತ್ತೇನೆ.